ಕಾಲೇಜಿನ ಜೊತೆಗೆ ಊರನ್ನೂ ಓದಿ

ವಿದೇಶದಲ್ಲಿ ವೈದ್ಯಕೀಯ, ನರ್ಸಿಂಗ್ ಕಲಿಯಲು ಹೊರಟವರಿಗೆ ಮತ್ತು ಅವರನ್ನು ಕಳಿಸುವ ಮನೆಯವರಿಗೆ

ನೀಟ್ ಫಲಿತಾಂಶ ಬಂದ ವಾರದಲ್ಲೇ ವಿದೇಶಿ ಎಂಬಿಬಿಎಸ್ ಸೀಟಿನ ಜಾಹೀರಾತುಗಳು ಶುರುವಾಗುತ್ತವೆ. ರಷ್ಯಾ, ಜಾರ್ಜಿಯಾ, ಕಿರ್ಗಿಸ್ತಾನ, ಕಜಕಸ್ತಾನ, ಉಜ್ಬೇಕಿಸ್ತಾನ, ದೇಶ ಯಾವುದಾದರೂ ಭರವಸೆಗಳ ಪಟ್ಟಿ ಒಂದೇ: ಇಂಗ್ಲಿಷ್ ಮಾಧ್ಯಮ, ಭಾರತೀಯ ಮೆಸ್, ಭಾರತೀಯ ವಾರ್ಡನ್, ಸಂಜೆ ಹೊತ್ತು ಇಲ್ಲಿನ ಪರೀಕ್ಷೆಗೆ ಆನ್‌ಲೈನ್ ಕೋಚಿಂಗ್. ಮಕ್ಕಳನ್ನು ಮೊದಲ ಬಾರಿಗೆ ಅಷ್ಟು ದೂರ ಕಳಿಸುವ ತಂದೆತಾಯಿಗೆ ಇದರಿಂದ ಧೈರ್ಯ ಬರುವುದು ಸಹಜ. ಆದರೆ ಪಟ್ಟಿಯನ್ನು ಇನ್ನೊಮ್ಮೆ ಓದಿ ನೋಡಿ. ಆ ದೇಶದವರೊಡನೆ ಹೆಚ್ಚು ಮಾತಾಡದೆ, ಅವರ ಮನೆ, ಮಾರುಕಟ್ಟೆ, ಆಸ್ಪತ್ರೆಗಳನ್ನು ಹತ್ತಿರದಿಂದ ನೋಡದೆ ಡಾಕ್ಟರಾಗಿ ಬರಬಹುದು ಎಂಬುದೇ ಅದರ ಒಟ್ಟು ತಾತ್ಪರ್ಯ. ಅನುಕೂಲವೆಂದು ತೋರಿಸುತ್ತಿರುವ ಈ ಅಂಶವೇ ಆ ಕಲಿಕೆಯ ಅತಿ ದೊಡ್ಡ ಕೊರತೆ ಎಂದು ನನ್ನ ವಾದ. ಆರೋಗ್ಯ ವಿಜ್ಞಾನವನ್ನು ಯಾವ ದೇಶದಲ್ಲಿ ಕಲಿತರೂ ಅದರ ಅರ್ಧ ಪಾಠ ರೋಗಿಯಿಂದ ಬರುತ್ತದೆ. ರೋಗಿಯ ಮಾತು ಮತ್ತು ಬದುಕು ಅರ್ಥವಾಗದ ವಿದ್ಯಾರ್ಥಿಗೆ ಆ ಅರ್ಧ ಪಾಠ ತಪ್ಪಿಹೋಗುತ್ತದೆ. ಆದ್ದರಿಂದ ಕಾಲೇಜು ಆರಿಸುವಾಗಲೂ, ಅಲ್ಲಿನ ವರ್ಷಗಳನ್ನು ಯೋಜಿಸುವಾಗಲೂ ಆ ಜನರ ನಡುವೆ ಎಷ್ಟು ಬೆರೆಯಲು ಸಾಧ್ಯ ಎಂಬುದನ್ನು ಮುಖ್ಯ ಅಳತೆಗೋಲಾಗಿ ಇಟ್ಟುಕೊಳ್ಳಬೇಕು.

ಮಾತಿನಲ್ಲೇ ಇದೆ ರೋಗಪತ್ತೆ

ಇದು ಭಾವುಕ ಉಪದೇಶವೆಂದು ಅನ್ನಿಸಬಹುದು. ಹಾಗಾಗಿ ಪುರಾವೆಯಿಂದಲೇ ಆರಂಭಿಸೋಣ. 1975ರಲ್ಲಿ ಬ್ರಿಟನ್ನಿನ ವೈದ್ಯ ಜೆ.ಆರ್. ಹ್ಯಾಂಪ್ಟನ್ ಮತ್ತು ಸಂಗಡಿಗರು ಹೊರರೋಗಿ ವಿಭಾಗಕ್ಕೆ ಹೊಸದಾಗಿ ಬಂದ 80 ರೋಗಿಗಳನ್ನು ಅಧ್ಯಯನ ಮಾಡಿದರು. ಅವರಲ್ಲಿ 66 ಮಂದಿಯ ವಿಷಯದಲ್ಲಿ ರೋಗಿ ಹೇಳಿದ್ದನ್ನು ಕೇಳಿ ಮಾಡಿದ ರೋಗನಿರ್ಣಯವೇ ಕೊನೆಗೂ ಸರಿಯಾಗಿತ್ತು. ಮೈಮುಟ್ಟಿ ಮಾಡಿದ ಪರೀಕ್ಷೆಯಿಂದ 7 ಮಂದಿಯಲ್ಲಿ, ಪ್ರಯೋಗಾಲಯದ ಪರೀಕ್ಷೆಗಳಿಂದ ಇನ್ನು 7 ಮಂದಿಯಲ್ಲಿ ಮಾತ್ರ ತೀರ್ಮಾನ ಬದಲಾಯಿತು. ಆಮೇಲೆ ಸ್ಕ್ಯಾನಿಂಗ್ ಯಂತ್ರಗಳು ಬಹಳ ಮುಂದುವರಿದಿವೆ, ನಿಜ. ಆದರೂ ಯಾವ ರೋಗಿಗೆ ಯಾವ ಸ್ಕ್ಯಾನ್ ಬರೆಯಬೇಕು ಎಂದು ಹೇಳುವುದು ಇಂದಿಗೂ ಆ ಮೊದಲ ಮಾತುಕತೆಯೇ. ನಮ್ಮ ಆಸ್ಪತ್ರೆಗಳಲ್ಲಿ ‘ಹಿಸ್ಟರಿ ತಗೊಳ್ಳೋದು’ ಎನ್ನುವ ಈ ಕೆಲಸವನ್ನು ಪುಸ್ತಕ ಓದಿ ಕಲಿಯಲಾಗದು. ನೂರಾರು ರೋಗಿಗಳ ಹಾಸಿಗೆಯ ಪಕ್ಕ ನಿಂತು ಕೇಳಿ, ತಪ್ಪು ಕೇಳಿ, ಮತ್ತೆ ಕೇಳಿಯೇ ಅದು ಕೈಗೂಡಬೇಕು.

ಈ ಮಾತುಕತೆಯ ನಡುವೆ ಭಾಷೆಯ ಗೋಡೆ ಬಂದರೆ ಏನಾಗುತ್ತದೆ ಎಂಬುದಕ್ಕೂ ಲೆಕ್ಕವಿದೆ. ಅಮೆರಿಕದ ಮಕ್ಕಳ ಹೊರರೋಗಿ ವಿಭಾಗವೊಂದರಲ್ಲಿ ಸ್ಪ್ಯಾನಿಷ್ ಮಾತನಾಡುವ ಕುಟುಂಬಗಳ ಭೇಟಿಗಳನ್ನು ಧ್ವನಿಮುದ್ರಿಸಿ, ಗ್ಲೆನ್ ಫ್ಲೋರಿಸ್ ಮತ್ತು ಸಹೋದ್ಯೋಗಿಗಳು 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಒಂದೊಂದು ಭೇಟಿಯಲ್ಲೂ ದುಭಾಷಿಗಳಿಂದ ಸರಾಸರಿ 31 ತಪ್ಪುಗಳಾಗಿದ್ದವು. ಆ ತಪ್ಪುಗಳಲ್ಲಿ ಶೇ 63ರಷ್ಟು ಚಿಕಿತ್ಸೆಯ ಮೇಲೆ ಪರಿಣಾಮ ಬೀರಬಹುದಾದಂಥವು. ಔಷಧದ ಅಲರ್ಜಿ ಇದೆಯೇ ಎಂಬ ಪ್ರಶ್ನೆಯನ್ನೇ ಕೈಬಿಡುವುದು, ಔಷಧ ದಿನಕ್ಕೆಷ್ಟು ಸಲ ಎಂಬುದನ್ನು ಹೇಳದೆ ಬಿಡುವುದು, ಹೀಗೆ. ಸಂಬಳಕ್ಕಿದ್ದ ದುಭಾಷಿಗಳೂ ಇದ್ದ ಕಡೆಯ ಕಥೆಯೇ ಇಷ್ಟಾದರೆ, ವಾರ್ಡಿನಲ್ಲಿ ಪಕ್ಕದ ಸಹಪಾಠಿಯೊಬ್ಬ ಅರ್ಧಂಬರ್ಧ ಅನುವಾದಿಸಿ ಹೇಳಿದ್ದನ್ನು ಕೇಸ್ ಶೀಟಿನಲ್ಲಿ ಬರೆದುಕೊಳ್ಳುವ ವಿದೇಶಿ ವಿದ್ಯಾರ್ಥಿಗೆ ದಕ್ಕುವುದೆಷ್ಟು?

ಫಲಿತಾಂಶಗಳೂ ಎಚ್ಚರಿಕೆ ಹೇಳುತ್ತಿವೆ. ವಿದೇಶದಲ್ಲಿ ವೈದ್ಯಕೀಯ ಓದಿ ಬಂದವರಿಗೆ ರಾಷ್ಟ್ರೀಯ ಪರೀಕ್ಷಾ ಮಂಡಳಿ ವರ್ಷಕ್ಕೆ ಎರಡು ಬಾರಿ ನಡೆಸುವ ಎಫ್‌ಎಂಜಿಇ ಪರೀಕ್ಷೆಯಲ್ಲಿ 300 ಪ್ರಶ್ನೆಗಳು. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಪಾಸಾಗಲು 150 ಸಾಕು. ಹಾಗಿದ್ದೂ ಚೀನಾದಲ್ಲಿ ಓದಿದವರ ಬಗ್ಗೆ ಬೀಜಿಂಗ್‌ನ ಭಾರತೀಯ ರಾಯಭಾರ ಕಚೇರಿ 2022ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ಅಂಕಿಅಂಶದಂತೆ, 2015ರಿಂದ 2021ರವರೆಗೆ ಪರೀಕ್ಷೆಗೆ ಕೂತ 40,417 ಮಂದಿಯಲ್ಲಿ ತೇರ್ಗಡೆಯಾದವರು 6,387 ಮಾತ್ರ, ಅಂದರೆ ಸುಮಾರು ಶೇ 16. ಈ ಸೋಲಿಗೆ ಭಾಷೆಯೊಂದೇ ಕಾರಣ ಎನ್ನುವುದು ಸರಿಯಾಗದು. ಪ್ರವೇಶದ ಮಟ್ಟ, ಕಾಲೇಜಿನ ಗುಣಮಟ್ಟ, ಎರಡು ಪಠ್ಯಕ್ರಮಗಳ ನಡುವಿನ ಅಂತರ, ಎಲ್ಲಕ್ಕೂ ಪಾಲಿದೆ. ಆದರೆ ಅದೇ ಪ್ರಕಟಣೆಯಲ್ಲಿ ಇನ್ನೊಂದು ಮಾತೂ ಇತ್ತು. ಚೀನಾದಲ್ಲಿ ಕ್ಲಿನಿಕಲ್ ತರಬೇತಿಗೆ ಹೋಗುವ ಮೊದಲು ವಿದ್ಯಾರ್ಥಿ ಎಚ್‌ಎಸ್‌ಕೆ ಎಂಬ ಭಾಷಾ ಪರೀಕ್ಷೆಯ ನಾಲ್ಕನೇ ಹಂತದವರೆಗೆ ಚೀನೀ ಭಾಷೆ ಕಲಿತಿರಬೇಕು, ಇಲ್ಲದಿದ್ದರೆ ಪದವಿಯೇ ಸಿಗದು ಎಂಬುದು. ಕಾಗದದ ಮೇಲೆ ಇಂಗ್ಲಿಷ್ ಮಾಧ್ಯಮವಿದ್ದರೂ ವಾರ್ಡಿನ ಮಾಧ್ಯಮ ಅಲ್ಲಿಯ ಜನರ ಭಾಷೆಯೇ ಎಂದು ಆ ದೇಶ ಬಹಿರಂಗವಾಗಿ ಹೇಳಿದೆ. ಉಳಿದ ದೇಶಗಳಲ್ಲೂ ವಾಸ್ತವ ಬೇರೆಯಿಲ್ಲ.

ನಿಯಮ ಏನು ಹೇಳುತ್ತದೆ

ಇನ್ನು ಕಾನೂನಿನ ವಿಷಯ. ರಾಷ್ಟ್ರೀಯ ವೈದ್ಯಕೀಯ ಆಯೋಗ 2021ರ ನವೆಂಬರ್‌ನಲ್ಲಿ ಹೊರಡಿಸಿದ ನಿಯಮಾವಳಿಯೇ ಈಗ ವಿದೇಶಿ ವೈದ್ಯಪದವಿಗೆ ಆಧಾರ. ಅದರಂತೆ ಕೋರ್ಸ್ ಕನಿಷ್ಠ 54 ತಿಂಗಳದ್ದಾಗಿರಬೇಕು. ಅದರ ಮೇಲೆ 12 ತಿಂಗಳ ಇಂಟರ್ನ್‌ಶಿಪ್ ಅದೇ ಸಂಸ್ಥೆಯಲ್ಲಿ ಮುಗಿಯಬೇಕು. ಒಂದು ಭಾಗವನ್ನು ಒಂದು ಕಾಲೇಜಿನಲ್ಲಿ, ಇನ್ನೊಂದು ಭಾಗವನ್ನು ಬೇರೆಡೆ ಮಾಡುವಂತಿಲ್ಲ. ಬೋಧನಾ ಮಾಧ್ಯಮ ಇಂಗ್ಲಿಷ್ ಆಗಿರಬೇಕು. ಪದವೀಧರರು ಆ ದೇಶದಲ್ಲಿ ಅಲ್ಲಿನ ನಾಗರಿಕರಿಗೆ ಸಿಗುವಂಥದೇ ವೃತ್ತಿ ಪರವಾನಗಿ ಪಡೆಯಲು ಅರ್ಹರಾಗಿರಬೇಕು. ಊರಿಗೆ ಮರಳಿದ ಮೇಲೆ ಪರೀಕ್ಷೆ ಪಾಸಾಗಿ, ಇಲ್ಲೂ 12 ತಿಂಗಳ ಇಂಟರ್ನ್‌ಶಿಪ್ ಮಾಡಬೇಕು. ಇದಕ್ಕೆಲ್ಲ ಮೊದಲು ನೀಟ್ ಅರ್ಹತೆ ಇರಲೇಬೇಕು. ಆಯೋಗವು ‘ಮಾನ್ಯತೆ ಪಡೆದ ವಿದೇಶಿ ಕಾಲೇಜುಗಳ ಪಟ್ಟಿ’ ಎಂಬುದನ್ನು ಕೊಡುವುದಿಲ್ಲ ಎಂಬುದನ್ನೂ ನೆನಪಿಡಿ. ಅಂಥ ಪಟ್ಟಿ ತೋರಿಸುವ ಏಜೆಂಟರನ್ನು ನಂಬುವ ಮೊದಲು ನಿಯಮದ ಒಂದೊಂದು ಅಂಶವನ್ನೂ ಕಾಲೇಜಿನಿಂದ ಲಿಖಿತವಾಗಿ ಕೇಳಿ ಪಡೆಯುವುದು ಕ್ಷೇಮ.

ಪರವಾನಗಿಯ ಷರತ್ತನ್ನು ಹಲವರು ಗಮನಿಸುವುದೇ ಇಲ್ಲ. ಆ ದೇಶದ ಪ್ರಜೆಗಳಂತೆ ಅಲ್ಲಿ ವೈದ್ಯವೃತ್ತಿ ನಡೆಸಲು ಅರ್ಹತೆ ಬೇಕೆಂದರೆ, ಆ ದೇಶದ ರೋಗಿಗಳನ್ನು ನೋಡಲು ಬಲ್ಲವರಾಗಿರಬೇಕು ಎಂದೇ ಅರ್ಥ. ವಿದೇಶಿಯರಿಗೆಂದೇ ಪ್ರತ್ಯೇಕವಾಗಿ ತಯಾರಿಸಿ, ಆ ದೇಶದಲ್ಲಿ ಕೆಲಸ ಮಾಡಲು ಬಾರದ ಪದವಿಯನ್ನು ಕೊಡುವ ಕೋರ್ಸುಗಳನ್ನು ತಡೆಯುವುದೇ ಈ ನಿಯಮದ ಫಲ. ಒಂದೇ ನಿಯಮಾವಳಿ ಪಾಠಕ್ಕೆ ಇಂಗ್ಲಿಷ್ ಬೇಕೆನ್ನುತ್ತದೆ, ಅರ್ಹತೆಗೆ ಆ ನೆಲದ ಸಂಪರ್ಕ ಬೇಕೆನ್ನುತ್ತದೆ. ಏಜೆಂಟರು ಮೊದಲನೆಯದನ್ನು ದಪ್ಪಕ್ಷರದಲ್ಲಿ ಹಾಕಿ, ಎರಡನೆಯದನ್ನು ಬಿಟ್ಟುಬಿಡುತ್ತಾರೆ.

ಭಾಷೆಯನ್ನೇ ಬಾಗಿಲು ಮಾಡಿದ ದೇಶಗಳು

ಕೆಲವು ದೇಶಗಳು ಈ ವಿಷಯವನ್ನು ವಿದ್ಯಾರ್ಥಿಯ ಇಷ್ಟಕ್ಕೆ ಬಿಟ್ಟಿಲ್ಲ. ಸೋವಿಯತ್ ಕಾಲದಲ್ಲಿ ಮಾಸ್ಕೋಗೆ ಓದಲು ಹೋದ ಏಷ್ಯಾ, ಆಫ್ರಿಕಾದ ವಿದ್ಯಾರ್ಥಿಗಳು ಮೊದಲು ಪೂರ್ವಸಿದ್ಧತಾ ವಿಭಾಗದಲ್ಲಿ ರಷ್ಯನ್ ಕಲಿತು, ಆಮೇಲೆ ಸ್ಥಳೀಯರೊಂದಿಗೇ ಕೂತು ಪಾಠ ಕೇಳುತ್ತಿದ್ದರು. 1960ರಲ್ಲಿ ಸ್ಥಾಪನೆಯಾದ ಪೀಪಲ್ಸ್ ಫ್ರೆಂಡ್‌ಶಿಪ್ ವಿಶ್ವವಿದ್ಯಾಲಯದ ಹೆಸರು ಆ ಪದ್ಧತಿಯಿಂದಲೇ ಬೆಳೆಯಿತು. ಕ್ಯೂಬಾ ದೇಶವು 1999ರಲ್ಲಿ ಹವಾನಾದಲ್ಲಿ ಆರಂಭಿಸಿದ ಲ್ಯಾಟಿನ್ ಅಮೆರಿಕನ್ ವೈದ್ಯಕೀಯ ಶಾಲೆಯಲ್ಲಿ ಸ್ಪ್ಯಾನಿಷ್ ಬಾರದವರಿಗೆ ಮೊದಲು ಭಾಷಾ ತರಬೇತಿ. ಆ ದೇಶದಲ್ಲಿ 1984ರಿಂದ ಬೆಳೆದ ಕುಟುಂಬ ವೈದ್ಯ ಪದ್ಧತಿಯಲ್ಲಿ ವೈದ್ಯ ಮತ್ತು ನರ್ಸ್ ತಾವು ನೋಡಿಕೊಳ್ಳುವ ಜನರ ನಡುವೆಯೇ ವಾಸಿಸಿ ಮನೆಮನೆಗೆ ಹೋಗುತ್ತಾರೆ. ಅಂಥ ವ್ಯವಸ್ಥೆಯಲ್ಲಿ ಭಾಷೆ ಬಾರದ ವಿದ್ಯಾರ್ಥಿಗೆ ಹೆಜ್ಜೆ ಇಡಲೂ ಆಗದು.

ನರ್ಸಿಂಗ್ ಕ್ಷೇತ್ರದಲ್ಲಿ ಇಂದಿನ ಉದಾಹರಣೆ ಜರ್ಮನಿ. ಮಂಗಳೂರು, ಉಡುಪಿ ಕಡೆಯ ನರ್ಸಿಂಗ್ ಕಾಲೇಜುಗಳಿಂದ ಕೊಲ್ಲಿ ದೇಶಗಳಿಗೆ, ಬ್ರಿಟನ್, ಐರ್ಲೆಂಡ್‌ಗಳಿಗೆ ಹೋಗುವ ದಾರಿ ಹಳೆಯದು. ಈಗ ಜರ್ಮನಿಯತ್ತ ನೋಡುವವರೂ ಹೆಚ್ಚುತ್ತಿದ್ದಾರೆ. ಅಲ್ಲಿ 2020ರಿಂದ ಜಾರಿಯಲ್ಲಿರುವ ಹೊಸ ನರ್ಸಿಂಗ್ ತರಬೇತಿ ಮೂರು ವರ್ಷದ್ದು. 2,100 ಗಂಟೆ ತರಗತಿ ಪಾಠ, 2,500 ಗಂಟೆ ಆಸ್ಪತ್ರೆ, ವೃದ್ಧಾಶ್ರಮ ಮತ್ತು ಮನೆಗಳಲ್ಲಿನ ಪ್ರತ್ಯಕ್ಷ ಕೆಲಸ. ತರಬೇತಿಯ ಅವಧಿಯಲ್ಲೇ ಸಂಬಳವೂ ಉಂಟು. ಇಲ್ಲಿ ಬಿಎಸ್ಸಿ ನರ್ಸಿಂಗ್ ಮುಗಿಸಿ ಹೋಗುವವರು ಅಲ್ಲಿ ಪೂರ್ಣ ಮಾನ್ಯತೆ ಪಡೆಯಲು ಸಾಮಾನ್ಯವಾಗಿ ಬಿ2 ಹಂತದ ಜರ್ಮನ್ ಭಾಷೆ ತೋರಿಸಬೇಕು. ಈ ಷರತ್ತನ್ನು ಅಡ್ಡಿ ಎಂದು ಬಗೆಯುವವರಿದ್ದಾರೆ. ಆದರೆ ಜರ್ಮನಿಯ ವೃದ್ಧರ ಆರೈಕೆಯಲ್ಲಿ ರೋಗಿಯ ಜೀವನಚರಿತ್ರೆಯನ್ನು ತಿಳಿದುಕೊಳ್ಳುವುದೇ ಒಂದು ಕೌಶಲ. ಮರೆವಿನ ಕಾಯಿಲೆಯ ಅಜ್ಜಿಯೊಬ್ಬರು ಯಾವ ಊರಿನವರು, ಏನು ಕೆಲಸ ಮಾಡುತ್ತಿದ್ದರು, ಯಾವ ಹಾಡು ಇಷ್ಟ ಎಂದು ಅರಿಯದೆ ಅವರನ್ನು ಸ್ನಾನಕ್ಕೆ ಒಪ್ಪಿಸುವುದೂ ಕಷ್ಟ. ಅಲ್ಲಿ ಭಾಷೆ ಆರೈಕೆಯ ಸಲಕರಣೆ. ಪ್ರಮಾಣಪತ್ರದ ಜರ್ಮನ್ ಕಲಿತವರಿಗೂ ಬವೇರಿಯಾದ ಹಳ್ಳಿಯ ವೃದ್ಧರ ಆಡುಮಾತು ಮೊದಮೊದಲು ತಿಳಿಯುವುದಿಲ್ಲ. ಅಲ್ಲಿಂದ ಮುಂದಿನದನ್ನು ಕಲಿಸುವುದು ಊರೇ.

ಭಾಷೆಯ ಆಚೆಗಿನ ಸಂಸ್ಕೃತಿ

ಸಂಸ್ಕೃತಿ ಎಂದೊಡನೆ ಹಬ್ಬ, ಉಡುಪು, ಅಡುಗೆ ನೆನಪಾಗುತ್ತದೆ. ಆರೋಗ್ಯದ ವಿದ್ಯಾರ್ಥಿಗೆ ಅದಕ್ಕಿಂತ ಮುಖ್ಯವಾದ ಪ್ರಶ್ನೆಗಳಿವೆ. ಈ ಜನ ಕಾಯಿಲೆಯನ್ನು ಏನೆಂದು ತಿಳಿಯುತ್ತಾರೆ? ಮೊದಲು ಯಾರ ಬಳಿ ಹೋಗುತ್ತಾರೆ? ಮನೆಯಲ್ಲಿ ತೀರ್ಮಾನ ಯಾರದು? ಯಾವುದನ್ನು ಹೇಳಲು ನಾಚುತ್ತಾರೆ? ಅಮೆರಿಕದ ಮನೋವೈದ್ಯ ಮತ್ತು ಮಾನವಶಾಸ್ತ್ರಜ್ಞ ಆರ್ಥರ್ ಕ್ಲೈನ್‌ಮನ್ 1978ರಲ್ಲಿ ಸಹಲೇಖಕರೊಡನೆ ಬರೆದ ಪ್ರಬಂಧದಲ್ಲಿ ವೈದ್ಯರು ರೋಗಿಗೆ ಕೇಳಬೇಕಾದ ಕೆಲವು ಸರಳ ಪ್ರಶ್ನೆಗಳನ್ನು ಮುಂದಿಟ್ಟರು. ಈ ತೊಂದರೆ ಏಕೆ ಬಂತೆಂದು ನಿಮಗೆ ಅನ್ನಿಸುತ್ತದೆ, ಈಗಲೇ ಏಕೆ ಶುರುವಾಯಿತು, ಇದರಲ್ಲಿ ನಿಮಗೆ ಅತಿ ಭಯದ ಸಂಗತಿ ಯಾವುದು, ಯಾವ ಚಿಕಿತ್ಸೆ ಬೇಕೆಂದುಕೊಂಡಿದ್ದೀರಿ ಎಂಬ ಧಾಟಿಯವು. ಈ ಪ್ರಶ್ನೆಗಳನ್ನು ಯಾರೂ ಕೇಳದಿದ್ದರೆ ಏನಾಗಬಹುದು ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಮರ್ಸೆಡ್ ಊರಿನ ಪ್ರಕರಣ ಇಂದಿಗೂ ವೈದ್ಯಶಾಲೆಗಳಲ್ಲಿ ಪಾಠವಾಗಿದೆ. ಲಾವೋಸ್‌ನಿಂದ ನಿರಾಶ್ರಿತರಾಗಿ ಬಂದ ಹ್ಮಾಂಗ್ ಕುಟುಂಬದ ಲಿಯಾ ಲೀ ಎಂಬ ಮಗುವಿಗೆ ತೀವ್ರ ಮೂರ್ಛೆರೋಗವಿತ್ತು. ಹೆದರಿದ ಮಗುವಿನ ಆತ್ಮ ದೇಹ ಬಿಟ್ಟುಹೋಗಿದೆ ಎಂದು ತಂದೆತಾಯಿ ನಂಬಿದ್ದರು. ವೈದ್ಯರು ಪದೇಪದೇ ಔಷಧ ಬದಲಿಸಿ, ಓದಲು ಬಾರದವರ ಕೈಗೆ ಇಂಗ್ಲಿಷ್ ಚೀಟಿ ಕೊಡುತ್ತಿದ್ದರು. ಎರಡೂ ಕಡೆಯವರು ಮಗುವಿನ ಒಳಿತನ್ನೇ ಬಯಸಿದ್ದರು. ಆದರೂ ಔಷಧ ಸರಿಯಾಗಿ ಹೋಗಲಿಲ್ಲ, ಕೊನೆಗೆ ಮಗುವಿನ ಮಿದುಳು ಮರಳಿ ಸರಿಯಾಗದಷ್ಟು ಹಾನಿಗೊಂಡಿತು. ಪತ್ರಕರ್ತೆ ಆನ್ ಫ್ಯಾಡಿಮನ್ 1997ರಲ್ಲಿ ಈ ಪ್ರಕರಣದ ಮೇಲೆ ಬರೆದ ಪುಸ್ತಕ ಪ್ರಸಿದ್ಧವಾದದ್ದು ಈ ಕಾರಣಕ್ಕೇ.

ಬದುಕಿನ ಕ್ರಮ ತಿಳಿದಿರುವುದು ರೋಗಪತ್ತೆಗೂ ನೇರವಾಗಿ ನೆರವಾಗುತ್ತದೆ. ಕಿರ್ಗಿಸ್ತಾನದಲ್ಲಿ ಕುರಿ, ದನ ಸಾಕಣೆಯೇ ಅನೇಕರ ಜೀವನ. ಕಾಯಿಸದ ಹಾಲಿನ ಪದಾರ್ಥಗಳ ಬಳಕೆಯೂ ಇದೆ. ವಾರಗಟ್ಟಲೆ ಬಿಡದ ಜ್ವರ, ಕೀಲುನೋವು ಎಂದು ಬಂದವರಲ್ಲಿ ಅಲ್ಲಿನ ವೈದ್ಯರು ಬ್ರುಸೆಲ್ಲೋಸಿಸ್ ನೆನೆಯುವುದು ಅದಕ್ಕಾಗಿಯೇ. ಕುರಿ ಈದಾಗ ಕೈಹಾಕಿದಿರಾ, ಹಸಿಹಾಲು ಕುಡಿದಿರಾ ಎಂದು ಕೇಳುವ ಅಭ್ಯಾಸ ಬಿಷ್ಕೆಕ್‌ನ ವಾರ್ಡಿನಲ್ಲಿ ರೂಢಿಯಾದರೆ, ಅದು ವಿಜಯಪುರದ ಹೊರರೋಗಿ ವಿಭಾಗದಲ್ಲೂ ಕೆಲಸಕ್ಕೆ ಬರುತ್ತದೆ. ಆ ಭಾಗದ ವೈದ್ಯರೂ ಇದೇ ರೋಗವನ್ನು ವರ್ಷಗಳಿಂದ ವರದಿ ಮಾಡುತ್ತಾ ಬಂದಿದ್ದಾರೆ. ರಷ್ಯಾದ ಯೂರಲ್, ಸೈಬೀರಿಯಾ ಕಡೆ ವಸಂತ ಮತ್ತು ಬೇಸಿಗೆಯಲ್ಲಿ ಜ್ವರ ಬಂದವರಿಗೆ ಉಣ್ಣೆ ಕಚ್ಚಿತೇ ಎಂದು ಕೇಳುವುದು ವಾಡಿಕೆ, ಏಕೆಂದರೆ ಅಲ್ಲಿ ಉಣ್ಣೆಯಿಂದ ಹರಡುವ ಮಿದುಳು ಜ್ವರವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ, ನಾವು ಮಂಗನ ಕಾಯಿಲೆ ಎನ್ನುವ ರೋಗದ ವೈರಸ್ ಕೂಡ ಆ ಮಿದುಳು ಜ್ವರದ ವೈರಸ್ಸಿನ ಗುಂಪಿಗೇ ಸೇರಿದ್ದು. ಕಾಡಿಗೆ ಹೋಗಿದ್ದಿರಾ, ಸೌದೆ ತಂದಿರಾ, ಮೈಮೇಲೆ ಉಣ್ಣೆ ಕಂಡಿತೇ ಎಂಬ ಪ್ರಶ್ನೆಗಳು ಮಲೆನಾಡಿನ ವೈದ್ಯರಿಗೂ ಅಷ್ಟೇ ಅಗತ್ಯ. ಜನರ ದುಡಿಮೆ, ಊಟ, ಋತುಗಳ ಜೊತೆ ರೋಗವನ್ನು ಜೋಡಿಸಿ ನೋಡುವ ಕಣ್ಣು ಒಮ್ಮೆ ಬಂದರೆ ಅದು ಯಾವ ದೇಶದಲ್ಲೂ ಉಳಿಯುತ್ತದೆ.

ವರ್ಷದಿಂದ ವರ್ಷಕ್ಕೆ ಏನು ಮಾಡಬೇಕು

ಹೊರಡುವ ಮೊದಲಿನ ತಿಂಗಳುಗಳೇ ಅತ್ಯಂತ ಅಗ್ಗದ ಕಲಿಕೆಯ ಕಾಲ. ಲಿಪಿಯನ್ನು ಮನೆಯಲ್ಲೇ ಕಲಿಯಬಹುದು. ರಷ್ಯನ್ ಮತ್ತು ಕಿರ್ಗಿಜ್ ಭಾಷೆಗಳು ಬಳಸುವ ಸಿರಿಲಿಕ್ ಲಿಪಿಯಾಗಲಿ, ಜಾರ್ಜಿಯಾದ ಸ್ವಂತ ಲಿಪಿಯಾಗಲಿ ಐವತ್ತಕ್ಕೆ ಹತ್ತಿರ ಅಕ್ಷರ ಕಲಿತ ಕನ್ನಡದ ಮಕ್ಕಳಿಗೆ ದೊಡ್ಡ ಹೊರೆಯಲ್ಲ. ಅಂಕಿ, ದಿನ, ದೇಹದ ಅಂಗಗಳು, ನೋವಿನ ಬಗೆಗಳು, ಗೌರವದ ಸಂಬೋಧನೆ ಇಷ್ಟನ್ನು ಹಿಡಿದುಕೊಂಡು ಹೋದರೆ ಮೊದಲ ಚಳಿಗಾಲದ ಒಂಟಿತನ ಅರ್ಧ ಕಡಿಮೆಯಾಗುತ್ತದೆ. ಮೊದಲ ವರ್ಷ ಅಂಗರಚನಾಶಾಸ್ತ್ರದ ಭಾರವಿದ್ದರೂ ಭಾಷಾ ತರಗತಿಯನ್ನು ಹಾಜರಾತಿಯ ಲೆಕ್ಕಕ್ಕಷ್ಟೇ ಇಟ್ಟುಕೊಳ್ಳಬಾರದು. ಮುಂದೆ ವಾರ್ಡಿನಲ್ಲಿ ಕಾಲೂರಲು ಇದೇ ನೆಲ. ಅನುಕೂಲವಿದ್ದರೆ ಸ್ಥಳೀಯ ಸಹಪಾಠಿಯೊಂದಿಗೆ ಕೋಣೆ ಹಂಚಿಕೊಳ್ಳಿ. ಭಾರತೀಯ ಮೆಸ್ಸಿನ ಊಟ ಮುಂದುವರಿಸಿದರೂ ತರಕಾರಿ, ಔಷಧಿ, ಬಸ್ಸಿನ ವ್ಯವಹಾರವನ್ನು ಖುದ್ದು ಆ ಭಾಷೆಯಲ್ಲೇ ಮಾಡಿ. ಎರಡನೇ ವರ್ಷದಲ್ಲಿ ಆ ದೇಶದ ಆರೋಗ್ಯ ವ್ಯವಸ್ಥೆ ಹೇಗೆ ನಡೆಯುತ್ತದೆಂದು ತಿಳಿಯುವುದು ಗುರಿಯಾಗಲಿ. ಹಳೆಯ ಸೋವಿಯತ್ ದೇಶಗಳಲ್ಲಿ ವಿಳಾಸದ ಪ್ರಕಾರ ಜನರನ್ನು ನೋಂದಾಯಿಸಿಕೊಳ್ಳುವ ಪಾಲಿಕ್ಲಿನಿಕ್ಕುಗಳಿವೆ. ಹಳ್ಳಿಗಳಲ್ಲಿ ವೈದ್ಯರಿಲ್ಲದ ಕಡೆ ಫೆಲ್ಡ್‌ಷರ್ ಎಂಬ ಮಧ್ಯಮ ಹಂತದ ಸಿಬ್ಬಂದಿ ಇರುತ್ತಾರೆ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಜೊತೆ ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಪ್ರಾಥಮಿಕ ಆರೋಗ್ಯದ ಬಗ್ಗೆ ಜಗತ್ತಿನ ದೇಶಗಳು 1978ರಲ್ಲಿ ಘೋಷಣೆ ಹೊರಡಿಸಿದ ಅಲ್ಮಾ ಅತಾ, ಈಗ ನಮ್ಮ ಅನೇಕ ವಿದ್ಯಾರ್ಥಿಗಳು ಓದುತ್ತಿರುವ ಕಜಕಸ್ತಾನದ ಅಲ್ಮಾಟಿ ನಗರವೇ.

ಮೂರನೇ ವರ್ಷದಿಂದ ಆಸ್ಪತ್ರೆ ಪೋಸ್ಟಿಂಗ್ ಶುರುವಾದಾಗ ಪರೀಕ್ಷೆ ನಿಜಕ್ಕೂ ಆರಂಭವಾಗುತ್ತದೆ. ಪ್ರತಿ ವಾರ ಒಬ್ಬ ರೋಗಿಯ ಪೂರ್ಣ ಹಿಸ್ಟರಿಯನ್ನು ಅನುವಾದಕರಿಲ್ಲದೆ ತೆಗೆದುಕೊಂಡು, ಇಂಗ್ಲಿಷಿನಲ್ಲಿ ಬರೆದು, ಶಿಕ್ಷಕರಿಗೆ ತೋರಿಸುವ ನಿಯಮ ಹಾಕಿಕೊಳ್ಳಿ. ಇದರಿಂದ ಎರಡು ಕೆಲಸ ಒಟ್ಟಿಗೆ ಆಗುತ್ತವೆ: ಭಾಷೆ ಬಲಿಯುತ್ತದೆ, ಇಲ್ಲಿನ ಪರೀಕ್ಷೆಗೆ ಬೇಕಾದ ಕ್ಲಿನಿಕಲ್ ಯೋಚನೆಯೂ ಬೆಳೆಯುತ್ತದೆ. ನರ್ಸುಗಳ ಜೊತೆ ಹೆಚ್ಚು ಹೊತ್ತು ಕಳೆಯಿರಿ. ರೋಗಿ ವೈದ್ಯರಿಗೆ ಹೇಳದ್ದನ್ನು ನರ್ಸಿಗೆ ಹೇಳಿರುತ್ತಾರೆ. ಅನುಮತಿಯಿಲ್ಲದೆ ರೋಗಿಯ ಫೋಟೊ ತೆಗೆಯುವುದು, ರೀಲ್ಸ್ ಮಾಡುವುದು ಎಲ್ಲಿಯೂ ತಪ್ಪು. ಪರದೇಶದಲ್ಲಿ ಅದು ಇಡೀ ವಿದ್ಯಾರ್ಥಿ ಸಮುದಾಯದ ಮೇಲಿನ ನಂಬಿಕೆಯನ್ನೇ ಕೆಡಿಸುತ್ತದೆ. ಹಾಗೆಯೇ ಇಲ್ಲಿ ಕೇಳುವವರಿಲ್ಲ ಎಂದು, ತರಬೇತಿ ಸಾಲದ ಕೆಲಸಕ್ಕೆ ಬಡ ರೋಗಿಯ ಮೇಲೆ ಕೈಹಾಕಬಾರದು. ಬೇರೆ ದೇಶಗಳಲ್ಲಿ ಆರೋಗ್ಯ ತರಬೇತಿ ಪಡೆಯುವವರಿಗಾಗಿ ತಜ್ಞರ ಗುಂಪೊಂದು 2010ರಲ್ಲಿ ಪ್ರಕಟಿಸಿದ ನೈತಿಕ ಮಾರ್ಗಸೂಚಿಯೂ ಇದನ್ನೇ ಒತ್ತಿ ಹೇಳುತ್ತದೆ: ತನ್ನ ಯೋಗ್ಯತೆಯ ಮಿತಿ ಅರಿತಿರಬೇಕು, ಆತಿಥೇಯರ ಮೇಲೆ ಹೊರೆಯಾಗಬಾರದು.

ಕೇಳಿಬರುವ ಆಕ್ಷೇಪಗಳು

ಮೊದಲ ಆಕ್ಷೇಪ ಬಲವಾದದ್ದೇ. ಕರ್ನಾಟಕಕ್ಕೆ ಮರಳಿ ಬರುವವರಿಗೆ ರಷ್ಯನ್ ಅಥವಾ ಕಿರ್ಗಿಜ್ ಯಾಕೆ, ಆ ಸಮಯವನ್ನು ಪರೀಕ್ಷಾ ತಯಾರಿಗೆ ಕೊಡಬಾರದೇ ಎಂದು ಕೇಳುತ್ತಾರೆ. ಆ ಭಾಷೆ ಊರಿಗೆ ಬಂದ ಮೇಲೆ ಬಳಕೆಗೆ ಬಾರದಿರಬಹುದು. ಆದರೆ ಅದರ ಮೂಲಕ ನೋಡಿದ ರೋಗಿಗಳ ಅನುಭವ ಬಳಕೆಗೆ ಬರುತ್ತದೆ. ಭಾಷೆ ಇಲ್ಲದಿದ್ದರೆ ಆ ರೋಗಿಗಳೇ ಇಲ್ಲ. ಪರೀಕ್ಷೆಯ 300 ಪ್ರಶ್ನೆಗಳಲ್ಲೂ ದೊಡ್ಡ ಪಾಲು ರೋಗಿಯ ವಿವರ ಕೊಟ್ಟು ಮುಂದೇನು ಎಂದು ಕೇಳುವಂಥವು. ಕಣ್ಣಾರೆ ಕಂಡ ಕೇಸು ನೆನಪಿನಲ್ಲಿ ಉಳಿದಷ್ಟು ಬಾಯಿಪಾಠದ ಟಿಪ್ಪಣಿ ಉಳಿಯುವುದಿಲ್ಲ. ಮೇಲಾಗಿ ನಮ್ಮದೇ ವೈದ್ಯಶಿಕ್ಷಣ ಈ ವಾದವನ್ನು ಒಪ್ಪಿಕೊಂಡಿದೆ. 2019ರಲ್ಲಿ ಬಂದ ಹೊಸ ಎಂಬಿಬಿಎಸ್ ಪಠ್ಯಕ್ರಮ ಆರಂಭದ ತರಬೇತಿಯಲ್ಲೇ ಸ್ಥಳೀಯ ಭಾಷೆಯ ಕಲಿಕೆಗೆ ಜಾಗ ಕೊಟ್ಟಿತು. ಆಮೇಲೆ ಬಂದ ಕುಟುಂಬ ದತ್ತು ಕಾರ್ಯಕ್ರಮದಲ್ಲಿ ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳ ಆರೋಗ್ಯವನ್ನು ಓದಿನುದ್ದಕ್ಕೂ ಗಮನಿಸಬೇಕು. ಬಿಹಾರದಿಂದ ಬಂದ ವಿದ್ಯಾರ್ಥಿಗೆ ಕಲಬುರಗಿಯಲ್ಲಿ ಕನ್ನಡ ಬೇಕು ಎಂದು ನಾವೇ ಕೇಳುತ್ತೇವೆ. ಬಿಷ್ಕೆಕ್‌ನ ರೋಗಿಗೂ ಅದೇ ನ್ಯಾಯ.

ಎರಡನೆಯದು ಸುರಕ್ಷತೆಯ ಪ್ರಶ್ನೆ. 2022ರಲ್ಲಿ ಯುಕ್ರೇನ್ ಯುದ್ಧದ ಆರಂಭದ ದಿನಗಳಲ್ಲಿ ಹಾರ್ಕಿವ್ ನಗರದಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ಬಲಿಯಾದದ್ದನ್ನು ಕರ್ನಾಟಕ ಮರೆತಿಲ್ಲ. 2024ರ ಮೇ ತಿಂಗಳಲ್ಲಿ ಬಿಷ್ಕೆಕ್‌ನಲ್ಲಿ ವಿದೇಶಿ ವಿದ್ಯಾರ್ಥಿಗಳ ಹಾಸ್ಟೆಲ್‌ಗಳ ಮೇಲೆ ಗುಂಪುಗಳು ದಾಳಿ ಮಾಡಿದವು, ವಿದ್ಯಾರ್ಥಿಗಳು ಹೊರಗೆ ಬರಬೇಡಿ ಎಂದು ರಾಯಭಾರ ಕಚೇರಿ ಹೇಳಬೇಕಾಯಿತು. ಇಂಥ ಸ್ಥಿತಿಯಲ್ಲಿ ಜನರ ನಡುವೆ ಬೆರೆಯಿರಿ ಎನ್ನುವುದು ಬೇಜವಾಬ್ದಾರಿ ಅಲ್ಲವೇ? ಯುದ್ಧವನ್ನು ಭಾಷೆ ತಡೆಯುವುದಿಲ್ಲ, ಉದ್ರಿಕ್ತ ಗುಂಪಿನ ಮುಂದೆ ನಯವಾದ ಮಾತೂ ನಿಲ್ಲುವುದಿಲ್ಲ. ದೇಶ ಆರಿಸುವಾಗಲೇ ರಾಜಕೀಯ ಪರಿಸ್ಥಿತಿ ನೋಡಬೇಕು, ತಲುಪಿದ ಕೂಡಲೇ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲಿನಲ್ಲಿ ಹೆಸರು ನೋಂದಾಯಿಸಬೇಕು, ರಾತ್ರಿ ಓಡಾಟದಲ್ಲಿ ಎಚ್ಚರ ಬೇಕು. ಇಷ್ಟಾದ ಮೇಲೂ ಸ್ಥಳೀಯ ಸುದ್ದಿ ಓದಬಲ್ಲವರಿಗೆ, ಪಕ್ಕದ ಮನೆಯವರ ಪರಿಚಯವಿದ್ದವರಿಗೆ ಅಪಾಯದ ಸುಳಿವು ಬೇಗ ಸಿಗುತ್ತದೆ, ಕಷ್ಟದಲ್ಲಿ ಬಾಗಿಲು ತೆರೆಯುವವರೂ ಇರುತ್ತಾರೆ. ಪ್ರತ್ಯೇಕವಾಗಿ ಉಳಿದ ಹಾಸ್ಟೆಲ್ ಎಲ್ಲರ ಕಣ್ಣಿಗೂ ಬೀಳುವ ಗುರಿಯಾಗುತ್ತದೆ.

ಮೂರನೆಯ ಆಕ್ಷೇಪ ಹೆಚ್ಚು ಸೂಕ್ಷ್ಮವಾದದ್ದು. ಸಂಸ್ಕೃತಿ ಕಲಿಯುತ್ತೇವೆಂದು ಹೊರಟವರು ‘ಈ ಜನ ಹೀಗೇ’ ಎಂಬ ಅಚ್ಚು ಮಾಡಿಕೊಂಡು, ಮುಂದೆ ಬಂದ ಪ್ರತಿ ರೋಗಿಯನ್ನೂ ಅದರಲ್ಲಿ ಒತ್ತುವ ಅಪಾಯವಿದೆ. ಇದು ನಿಜವಾದ ಅಪಾಯ. ಅಮೆರಿಕದ ವೈದ್ಯೆಯರಾದ ಮೆಲನಿ ಟೆರ್ವಲಾನ್ ಮತ್ತು ಜಾನ್ ಮರ್ರೆ ಗಾರ್ಸಿಯಾ 1998ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಒಂದು ಸಂಸ್ಕೃತಿಯಲ್ಲಿ ಪಾರಂಗತರಾದೆವು ಎಂದುಕೊಳ್ಳುವುದರ ಬದಲು, ರೋಗಿಯ ಬದುಕಿಗೆ ರೋಗಿಯೇ ತಜ್ಞ ಎಂಬ ವಿನಯವನ್ನು ಜೀವನಪೂರ್ತಿ ಉಳಿಸಿಕೊಳ್ಳಬೇಕು ಎಂಬುದು ಅವರ ನಿಲುವು. ಹೀಗಾಗಿ ಊರಿನ ಬಗ್ಗೆ ಓದಿದ್ದು, ಕೇಳಿದ್ದು ಪ್ರಶ್ನೆ ಕೇಳಲು ಬಳಕೆಯಾಗಬೇಕು, ಉತ್ತರ ರೋಗಿಯದಾಗಿರಬೇಕು. ಎಲ್ಲವನ್ನೂ ಸಂಸ್ಕೃತಿಯ ತಲೆಗೆ ಕಟ್ಟುವುದೂ ತಪ್ಪು. ರೋಗಿ ಮಾತ್ರೆ ನುಂಗದಿರಲು ನಂಬಿಕೆಗಿಂತ ಹೆಚ್ಚಾಗಿ ಬೆಲೆ, ಬಸ್ಸಿನ ದೂರ, ದಿನಗೂಲಿ ತಪ್ಪುವ ಭಯ ಕಾರಣವಾಗಿರಬಹುದು.

ಆರು ವರ್ಷ ಸಾಧ್ಯವಿಲ್ಲದವರಿಗೆ

ಇಲ್ಲೇ ವೈದ್ಯಕೀಯ ಓದುತ್ತಿರುವವರಿಗೂ ಸಣ್ಣ ಅವಧಿಯ ದಾರಿಗಳಿವೆ. 1951ರಿಂದ ಕೆಲಸ ಮಾಡುತ್ತಿರುವ ವೈದ್ಯಕೀಯ ವಿದ್ಯಾರ್ಥಿ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟದ ವಿನಿಮಯ ಕಾರ್ಯಕ್ರಮದಲ್ಲಿ ಭಾರತದ ವಿದ್ಯಾರ್ಥಿಗಳೂ ಸಾಮಾನ್ಯವಾಗಿ ನಾಲ್ಕು ವಾರ ಬೇರೆ ದೇಶದ ಆಸ್ಪತ್ರೆಯಲ್ಲಿ ಕಳೆಯಬಹುದು. ನಾಲ್ಕು ವಾರದಲ್ಲಿ ಯಾರೂ ಒಂದು ದೇಶವನ್ನು ಅರಿಯಲಾರರು. ಆದರೆ ತನ್ನ ಪದ್ಧತಿಯೇ ಏಕೈಕ ಪದ್ಧತಿ ಎಂಬ ಭ್ರಮೆ ಕಳೆಯಲು ಅಷ್ಟು ಸಾಕು. ಹಣ ತೆಗೆದುಕೊಂಡು ಬಡ ದೇಶಗಳಿಗೆ ‘ವೈದ್ಯಕೀಯ ಸೇವೆ’ ಪ್ರವಾಸ ಏರ್ಪಡಿಸುವವರ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ಆ ಊರಿನ ಆಸ್ಪತ್ರೆ ಆಹ್ವಾನಿಸಿದೆಯೇ, ಮೇಲ್ವಿಚಾರಣೆಗೆ ಅಲ್ಲಿನ ವೈದ್ಯರಿದ್ದಾರೆಯೇ ಎಂದು ಕೇಳದೆ ಹೋಗಬೇಡಿ.

ಫೀಸು ಕಟ್ಟುವ ಮೊದಲು

ಕೊನೆಯದಾಗಿ ಕೆಲವು ಪ್ರಶ್ನೆಗಳನ್ನು ಕಾಲೇಜಿಗೂ, ಅಲ್ಲೇ ಓದುತ್ತಿರುವ ಹಿರಿಯ ವಿದ್ಯಾರ್ಥಿಗಳಿಗೂ ಕೇಳಿ. ಭಾಷಾ ತರಗತಿ ಎಷ್ಟು ಸೆಮಿಸ್ಟರ್ ಇದೆ, ಅದಕ್ಕೆ ಪರೀಕ್ಷೆ ಇದೆಯೇ? ಸ್ವಂತ ಆಸ್ಪತ್ರೆ ಇದೆಯೇ, ಅದರಲ್ಲಿ ಎಷ್ಟು ಹಾಸಿಗೆ, ಯಾವ ವಿಭಾಗಗಳು? ವಿದೇಶಿ ವಿದ್ಯಾರ್ಥಿಗಳು ರೋಗಿಯನ್ನು ಮುಟ್ಟಿ ಪರೀಕ್ಷಿಸುತ್ತಾರೆಯೇ ಅಥವಾ ದೂರ ನಿಂತು ನೋಡುತ್ತಾರೆಯೇ? ಸ್ಥಳೀಯ ವಿದ್ಯಾರ್ಥಿಗಳ ಜೊತೆ ತರಗತಿಯೇ, ಪ್ರತ್ಯೇಕವೇ? 12 ತಿಂಗಳ ಇಂಟರ್ನ್‌ಶಿಪ್ ಅದೇ ಸಂಸ್ಥೆಯಲ್ಲಿ ಎಂದು ಬರೆದುಕೊಡುತ್ತಾರೆಯೇ? ಆ ಪದವಿ ಪಡೆದ ವಿದೇಶಿಯರು ಆ ದೇಶದಲ್ಲಿ ಪರವಾನಗಿ ಪಡೆದ ಉದಾಹರಣೆ ಇದೆಯೇ? ‘ಭಾಷೆ ಕಲಿಯುವ ಅಗತ್ಯವೇ ಇಲ್ಲ’ ಎಂದು ಹೆಮ್ಮೆಯಿಂದ ಹೇಳುವ ಕಾಲೇಜನ್ನು, ಅದರ ಕಟ್ಟಡ ಎಷ್ಟೇ ಚೆನ್ನಾಗಿದ್ದರೂ, ಪಟ್ಟಿಯಿಂದ ತೆಗೆಯಿರಿ. ರೋಗಿಯ ಮಾತು ಕೇಳಿಸಿಕೊಳ್ಳುವ ಅಗತ್ಯವಿಲ್ಲ ಎನ್ನುವ ಸಂಸ್ಥೆಗೆ ವೈದ್ಯರನ್ನು ತಯಾರಿಸುವ ಯೋಗ್ಯತೆಯಿಲ್ಲ. ಮಕ್ಕಳ ಆರು ವರ್ಷ ಮತ್ತು ಮನೆಯ ಉಳಿತಾಯವನ್ನು ಅಂಥ ಕಡೆ ಹೂಡಬೇಡಿ.